ಹೆದರುವ ದಾದಿ ಹೊಣೆಗೇಡಿಯಲ್ಲ

ಕಾಶಿಯ ಜಂಗಮವಾಡಿ ಮಠಕ್ಕೆ ಹೋದ ಕನ್ನಡಿಗರಿಗೆ ಹತ್ತಿರದ ಬಂಗಾಲಿ ಟೋಲಾ ಗೊತ್ತಿರುತ್ತದೆ. ಎದುರು ಬಂದವರಿಗೆ ಗೋಡೆಗೆ ಸರಿದು ದಾರಿ ಬಿಡಬೇಕಾದಷ್ಟು ಕಿರಿದಾದ ಓಣಿಗಳು. 2021ರ ಏಪ್ರಿಲ್‌ನಲ್ಲಿ ಕೋವಿಡ್‌ನ ಎರಡನೇ ಅಲೆ ಬಂದಾಗ ಇಂಥ ಕಡೆ ಅಂತರ ಕಾಯುವುದು ಬಾಯಿಮಾತೇ ಸರಿ. ಅಲ್ಲಿನವರಿಗೆ ದೊಡ್ಡ ಆಸರೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ (ಬಿಎಚ್‌ಯು) ಸರ್ ಸುಂದರಲಾಲ್ ಆಸ್ಪತ್ರೆ. ಅಲ್ಲಾಗಲಿ, ಬೆಂಗಳೂರಿನ ವಿಕ್ಟೋರಿಯಾದಲ್ಲಾಗಲಿ, ಐಸಿಯು ದಾದಿಯರ ಬಗ್ಗೆ ಜನ ನಂಬಿರುವುದು ಹೆಚ್ಚುಕಡಿಮೆ ಒಂದೇ.

ತಪ್ಪು ಕಲ್ಪನೆ: ಒಳ್ಳೆಯ ಸಿಸ್ಟರ್‌ಗೆ ಹೆದರಿಕೆ ಇರುವುದಿಲ್ಲ.

ಸತ್ಯ: ಇರುತ್ತದೆ, ಇರಬೇಕು ಕೂಡ. ಗಂಟಲಿಗೆ ನಳಿಗೆ ಇಳಿಸುವಾಗ, ಕಫ ಹೀರಿ ತೆಗೆಯುವಾಗ ಸೋಂಕಿನ ಸಣ್ಣ ಹನಿಗಳು ಗಾಳಿಗೆ ಏಳುತ್ತವೆ. ಆಗ ರೋಗಿಯ ಮುಖದ ಬಳಿಯೇ ದಾದಿ ನಿಂತಿರುತ್ತಾರೆ. ಉಸಿರು ಕುಸಿದ ರೋಗಿಯನ್ನು ದಿನಕ್ಕೆ 12ರಿಂದ 16 ಗಂಟೆ ಬೋರಲು ಮಲಗಿಸಬೇಕು. ನಳಿಗೆ ಜಾರದಂತೆ ಹೊರಳಿಸಲು ನಾಲ್ಕೈದು ಜನರ ಕೈ ಬೇಕು. ಇದೆಲ್ಲ ಪಿಪಿಇ ಕಿಟ್‌ನೊಳಗೆ, ನೀರು ಕುಡಿಯದೆ, ಶೌಚಕ್ಕೆ ಹೋಗದೆ. ಡ್ಯೂಟಿ ಮುಗಿಸಿ ಕಿಟ್ ಕಳಚುವ ಹೊತ್ತಿನಲ್ಲೂ ಅಪಾಯ ದೊಡ್ಡದು: ಹೊರಮೈಗೆ ಅಂಟಿದ್ದು ಕೈಗೆ, ಕೈಯಿಂದ ಕಣ್ಣು ಮೂಗಿಗೆ ಬರಬಹುದು. ದಣಿದ ದೇಹ ಅವಸರಪಡುವಾಗ ಒಂದು ಹಂತವನ್ನೂ ಬಿಡದಂತೆ ಕಾಯುವುದು ಆ ಹೆದರಿಕೆಯೇ. 2003ರ ಸಾರ್ಸ್ ಕಾಲದಿಂದಲೂ ದಾದಿಯರು ಮತ್ತೆ ಮತ್ತೆ ಹೇಳಿದ್ದು, ಮನೆಯಲ್ಲಿರುವ ಮಕ್ಕಳಿಗೆ, ವಯಸ್ಸಾದವರಿಗೆ ತಮ್ಮಿಂದ ಅಂಟೀತು ಎಂಬ ಅಂಜಿಕೆಯನ್ನು. ಅಂಜುತ್ತಲೇ ಮರುದಿನ ಕೆಲಸಕ್ಕೆ ಬಂದವರು ಅವರು.

ಅವರನ್ನು ಸೋಲಿಸುವುದು ಹೆದರಿಕೆಯಲ್ಲ, ಬೇರೆಯೇ. ವೆಂಟಿಲೇಟರ್‌ನಲ್ಲಿರುವ ಒಬ್ಬ ರೋಗಿಗೆ ಒಬ್ಬ ದಾದಿ ಎಂಬುದು ನಿಯಮ. ಒಬ್ಬರ ಮೇಲೆ ಮೂರು ನಾಲ್ಕು ಹಾಸಿಗೆ ಹೇರಿ, ಮಾಸ್ಕ್ ಕೊಡಲೂ ಜಿಪುಣತನ ಮಾಡಿ, ಆಮೇಲೆ ಸೇವಾಭಾವ ಕಡಿಮೆಯಾಯಿತು ಎನ್ನುವುದು ಅನ್ಯಾಯ.

ತಪ್ಪು ಕಲ್ಪನೆ: ಐಸಿಯು ದಾದಿ ಓಣಿಗೆಲ್ಲ ರೋಗ ಹಂಚುತ್ತಾರೆ.

ಸತ್ಯ: ಸೋಂಕು ತಡೆಯುವ ತರಬೇತಿ ಪಡೆದು, ಅದನ್ನು ದಿನವೂ ಪಾಲಿಸುವವರು ಅವರು. ಆದರೂ 2020ರ ಮಾರ್ಚ್‌ನಲ್ಲಿ ಬಾಡಿಗೆ ಮನೆಯಿಂದ ಆಸ್ಪತ್ರೆ ಸಿಬ್ಬಂದಿಯನ್ನು ಹೊರಹಾಕುತ್ತಿದ್ದಾರೆಂದು ದೆಹಲಿಯ ಏಮ್ಸ್‌ನ ನಿವಾಸಿ ವೈದ್ಯರು ಗೃಹ ಸಚಿವರಿಗೆ ಪತ್ರ ಬರೆಯಬೇಕಾಯಿತು. ಅದೇ ವರ್ಷದ ಏಪ್ರಿಲ್ 22ರ ಸುಗ್ರೀವಾಜ್ಞೆ, ಸಾಂಕ್ರಾಮಿಕದ ವೇಳೆ ಆರೋಗ್ಯ ಸಿಬ್ಬಂದಿಯ ಮೇಲಿನ ಹಿಂಸೆಗೆ 3 ತಿಂಗಳಿಂದ 5 ವರ್ಷದವರೆಗೆ ಜೈಲು ವಿಧಿಸಿತು. ಅವರ ವಾಸಕ್ಕೆ, ಕೆಲಸಕ್ಕೆ ತೊಂದರೆಯಾಗುವ ಕಿರುಕುಳವೂ ಆ ಹಿಂಸೆಯಲ್ಲಿ ಸೇರಿದೆ. ನಿಮ್ಮ ಮನೆಯಲ್ಲಿ ದಾದಿಯೊಬ್ಬರು ಬಾಡಿಗೆಗಿದ್ದರೆ, ಮುಂದಿನ ಸಾಂಕ್ರಾಮಿಕದಲ್ಲಿ ದಯವಿಟ್ಟು ಅವರಿಂದ ಮನೆ ಬಿಡಿಸಬೇಡಿ.