ಬೂದಿ ಮುಚ್ಚಿದ ಕೆಂಡ: ಇದ್ದಿಲಿನ ಬಗ್ಗೆ ನಾಲ್ಕು ಮಾತು

ಕಾಫಿ, ಅಡಿಕೆ ಕೊಯ್ಲಿನ ದಿನಗಳಲ್ಲೇ ನಮ್ಮ ಮನೆಗಳಿಗೆ ನೆಂಟರಿಷ್ಟರು ಬರುವುದು ವಾಡಿಕೆ. ಈಚೆಗೆ ಹೋಂಸ್ಟೇ ನಡೆಸುವ ಸದಸ್ಯರಲ್ಲಿಗೆ ಪ್ರವಾಸಿಗರೂ ಬರುತ್ತಾರೆ. ಸಂಜೆ ಹಿತ್ತಲಲ್ಲಿ ಕೆಂಡ ಮಾಡಿ, ಜಾಲರಿಯ ಮೇಲೆ ಮಾಂಸ, ಮೀನು, ಗೆಣಸು, ಜೋಳದ ತೆನೆ ಸುಡುವುದು ಎಲ್ಲರಿಗೂ ಇಷ್ಟ. ಆದರೆ ಕೆಂಡದ ಕೆಲಸ ಊಟದೊಂದಿಗೆ ಮುಗಿಯುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಒಮ್ಮೆ ರಾತ್ರಿ ಅಡುಗೆ ಮಾಡಿದ ಒಲೆಯಲ್ಲಿ ಬೆಳಿಗ್ಗೆ ಬರೀ ಬೂದಿ ಕಂಡಿತು. ಆರಿದೆಯೆಂದು ನಂಬಿ, ಬುಟ್ಟಿಗೆ ತುಂಬಿ ಅಡಿಕೆ ಸಿಪ್ಪೆಯ ರಾಶಿಯ ಪಕ್ಕ ಸುರಿದೆ. ಮಧ್ಯಾಹ್ನ ಗಾಳಿ ಎದ್ದಾಗ ರಾಶಿ ಹೊಗೆಯಾಡತೊಡಗಿತು. ಹತ್ತು ಮಾರು ಆಚೆ ಅಂಗಳದಲ್ಲಿ ಆ ವರ್ಷದ ಅಡಿಕೆ ಹರವಿತ್ತು. ಕೆಲಸದವರು ಕೊಡ ಹಿಡಿದು ಓಡಿಬಂದುದರಿಂದ ಉಳಿಯಿತು.

ಬೂದಿ ಕಂಬಳಿಯಂತೆ ಕಾವನ್ನು ಹಿಡಿದಿಡುತ್ತದೆ. ಒಳಗಿನ ಕೆಂಡ ಒಂದು ದಿನಕ್ಕೂ ಮೀರಿ ಜೀವ ಹಿಡಿದಿರಬಹುದು.

ಕೊಳ್ಳುವಾಗ

ಚೆನ್ನಾಗಿ ಸುಟ್ಟ ಇದ್ದಿಲು ಹಗುರವಾಗಿರುತ್ತದೆ. ಎರಡು ತುಂಡು ಬಡಿದರೆ ಠಣ್ ಎನ್ನುತ್ತದೆ. ಮುರಿದ ಜಾಗ ಹೊಳೆಯುತ್ತದೆ. ಕಂದು ಬಣ್ಣ ಕಂಡರೆ ಅದು ಅರೆಬೆಂದದ್ದು, ಹೊಗೆ ಹೆಚ್ಚು. ಒದ್ದೆ ಇದ್ದಿಲನ್ನು ತೂಕಕ್ಕೆ ಕೊಂಡರೆ ನೀರಿಗೆ ಹಣ ಕೊಟ್ಟಂತೆ. ಚೀಲದ ತಳದಲ್ಲಿ ಪುಡಿ ಎಷ್ಟಿದೆ ನೋಡಿ. ತೆಂಗಿನ ಕರಟದ ಇದ್ದಿಲು ಒಳ್ಳೆಯ ಕಾವು ಕೊಟ್ಟು ಬಹಳ ಹೊತ್ತು ಉರಿಯುತ್ತದೆ. ಕರ್ನಾಟಕ ಅರಣ್ಯ ಕಾಯ್ದೆ, 1963ರಲ್ಲಿ ಇದ್ದಿಲನ್ನೂ ಅರಣ್ಯ ಉತ್ಪನ್ನವೆಂದು ಎಣಿಸಿರುವುದರಿಂದ, ಅಂಗಡಿಯಲ್ಲಿ ಕೊಂಡು ರಸೀದಿ ಇಟ್ಟುಕೊಳ್ಳುವುದು ಕ್ಷೇಮ.

ಇಡುವಾಗ

ಆಗತಾನೆ ಸುಟ್ಟು ತಂದ ಇದ್ದಿಲು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವುದುಂಟು. ಅದನ್ನು ಬಯಲಿನಲ್ಲಿ ತೆಳುವಾಗಿ ಹರವಿ ಕನಿಷ್ಠ ಒಂದು ದಿನ ಬಿಟ್ಟು ಅನಂತರ ಒಳಗಿಡಿ. ಇದ್ದಿಲು ಗಾಳಿಯ ತೇವವನ್ನು ಹೀರುತ್ತದೆ. ಆದ್ದರಿಂದ ಮಳೆಗಾಲಕ್ಕೆ ಗೋಣಿಚೀಲ ಸಾಲದು, ಬಿಗಿ ಮುಚ್ಚಳದ ತಗಡಿನ ಡಬ್ಬ ಬೇಕು. ಕಾಫಿ ಮತ್ತು ಅಡಿಕೆ ಇರುವ ಗೋದಾಮಿನಲ್ಲಿ, ಗೊಬ್ಬರ ಅಥವಾ ಸೀಮೆಎಣ್ಣೆಯ ಬಳಿ ಇಡಬೇಡಿ. ಕಾಫಿ ಬೀಜ ಪಕ್ಕದ ವಾಸನೆಯನ್ನು ಬೇಗ ಹೀರುತ್ತದೆಂಬುದು ನಿಮಗೆ ತಿಳಿದದ್ದೇ.

ಉಳಿದ ಇದ್ದಿಲು

ಅಡುಗೆ ಮುಗಿದೊಡನೆ ಉಳಿದ ಕೆಂಡವನ್ನು ಚಿಮಟದಿಂದ ಎತ್ತಿ ಕಬ್ಬಿಣದ ಡಬ್ಬಕ್ಕೆ ಹಾಕಿ ಭದ್ರವಾಗಿ ಮುಚ್ಚಿರಿ. ಗಾಳಿಯಿಲ್ಲದೆ ಕೆಂಡ ಆರುತ್ತದೆ, ಇದ್ದಿಲೂ ಉಳಿಯುತ್ತದೆ. ಡಬ್ಬವನ್ನು ಮನೆಯ ಹೊರಗೆ, ಕಲ್ಲಿನ ಮೇಲೆ ಎರಡು ದಿನ ಮುಟ್ಟದೆ ಇಡಿ. ನೀರು ಹಾಕಿ ಆರಿಸುವುದಾದರೆ ದೂರ ನಿಂತು ಸ್ವಲ್ಪಸ್ವಲ್ಪವೇ ಹಾಕಿ ಕೆದಕಬೇಕು. ಹಬೆ ಕೈಮುಖ ಸುಡುತ್ತದೆ. ಅಂಥ ಇದ್ದಿಲನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸದೆ ಬಳಸಿದರೆ ಕಿಡಿ ಸಿಡಿಯುತ್ತದೆ.

ಮುಂದಿನ ಸಲ ಬೂದಿ ಜಾಡಿಸಿ, ಅರ್ಧ ಹಳೆಯದು ಅರ್ಧ ಹೊಸದು ಸೇರಿಸಿ ಹೊತ್ತಿಸಿ. ಕೊಬ್ಬು ಹೀರಿ ಜಿಡ್ಡಾದ ತುಂಡುಗಳನ್ನು ಬಿಸಾಡಿ. ಉರಿ ಮಂದವಾಯಿತೆಂದು ಕೆಂಡದ ಮೇಲೆ ಸೀಮೆಎಣ್ಣೆ, ಪೆಟ್ರೋಲು ಸುರಿಯಲೇಬಾರದು.

ಮಳೆ ಬಂತೆಂದು ಒಳಗೆ ತರಬೇಡಿ

ಇದು ಪ್ರಾಣದ ಮಾತು. ಹೊಗೆಯಿಲ್ಲದ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಂತಿ, ಮಂಪರು ಅದರ ಲಕ್ಷಣ. ಮಲಗಿದವರು ಏಳದೆಯೂ ಹೋಗಬಹುದು. ಚಳಿಯೆಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಬಾರದು. ಲೈನ್ ಮನೆಗಳಲ್ಲಿರುವ ಕೆಲಸದವರಿಗೂ ಇದನ್ನು ತಿಳಿಸಿ. ತಿಳಿಸುವುದರ ಜೊತೆಗೆ ಕಂಬಳಿಯನ್ನೂ ಕೊಡಿಸಿ. ಯಾರಿಗಾದರೂ ಹೀಗಾದರೆ ಕೂಡಲೇ ಬಯಲಿಗೆ ಕರೆತಂದು ಆಸ್ಪತ್ರೆಗೆ ಸಾಗಿಸಬೇಕು.

ಕೊನೆಗೆ ಬೂದಿ

ಮರದ ಇದ್ದಿಲಿನ ಬೂದಿಯಲ್ಲಿ ಪೊಟ್ಯಾಷ್, ಸುಣ್ಣದ ಅಂಶಗಳಿವೆ. ಪೂರ್ತಿ ತಣಿದ ಮೇಲೆ ತೋಟಕ್ಕೆ ತೆಳುವಾಗಿ ಎರಚಬಹುದು. ಯೂರಿಯಾ, ಅಮೋನಿಯಂ ಸಲ್ಫೇಟ್‌ನೊಂದಿಗೆ ಬೆರೆಸಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಬಣ್ಣ ಬಳಿದ ಅಥವಾ ಔಷಧಿ ಉಣಿಸಿದ ಮರದ ಬೂದಿ ತೋಟಕ್ಕೂ ಬೇಡ, ಆ ಮರದ ಕೆಂಡ ಅಡುಗೆಗೂ ಬೇಡ.

ಹಳೆಯ ತಗಡಿನ ಡಬ್ಬವೊಂದು ಎಲ್ಲರ ಮನೆಯಲ್ಲೂ ಇರುತ್ತದೆ. ಸರಿಯಾದ ಮುಚ್ಚಳವೊಂದನ್ನು ಹುಡುಕಿ ಈ ವಾರವೇ ಒಲೆಯ ಪಕ್ಕ ಇಟ್ಟುಕೊಳ್ಳಿ.