ಕೀಲಿನೊಳಗೊಂದು ಇಣುಕುನೋಟ

ಕಾಲು ಹೊರಳಿ ಪಾದದ ಹರಡಿನ ಮೂಳೆ ಮುರಿಯಿತು, ಶಸ್ತ್ರಕ್ರಿಯೆಯಾಯಿತು, ಕೆಲವು ತಿಂಗಳ ಮೇಲೆ ಎಕ್ಸ್-ರೇ ನೋಡಿದ ವೈದ್ಯರು ಮೂಳೆ ಚೆನ್ನಾಗಿ ಕೂಡಿದೆ ಎಂದರು. ಆದರೂ ಮೆಟ್ಟಿಲಿಳಿಯುವಾಗ ನೋವು ತಪ್ಪಿಲ್ಲ. ‘ಎಲ್ಲ ಮನಸ್ಸಿನ ಭ್ರಮೆ’ ಎಂದು ಮನೆಯವರಾದ ನಾವೇ ಹೇಳಿಬಿಡುವುದುಂಟು. ಹಾಗೆನ್ನುವ ಮೊದಲು ಆ ಕೀಲಿನ ಒಳಗನ್ನು ಕೊಂಚ ತಿಳಿದುಕೊಳ್ಳೋಣ.

ಕಾಲಿನ ಎರಡು ಮೂಳೆಗಳ ಕೆಳತುದಿಗಳು ಕವೆಯಂತೆ ನಿಂತು, ಪಾದದ ಮೇಲ್ಭಾಗದ ಮೂಳೆಯನ್ನು ನಡುವೆ ಹಿಡಿದುಕೊಂಡಿವೆ. ಮೂಳೆಗೆ ಮೂಳೆ ಉಜ್ಜದಂತೆ ಅವುಗಳ ಮೈಗೆ ಮೃದ್ವಸ್ಥಿಯ ನುಣುಪಾದ ಬಿಳಿ ಹೊದಿಕೆಯಿದೆ. ಇದರಲ್ಲಿ ರಕ್ತನಾಳಗಳಿಲ್ಲ, ಆದುದರಿಂದ ಗಾಯವಾದರೆ ಮೂಳೆಯಂತೆ ತಾನಾಗಿ ಕೂಡಿಕೊಳ್ಳುವುದು ಕಷ್ಟ. ಎಕ್ಸ್-ರೇಯಲ್ಲಿ ಮೂಳೆ ಕಾಣುವುದೇ ಹೊರತು ಈ ಹೊದಿಕೆ ಕಾಣದು. ಎಂ.ಆರ್.ಐ. ಚಿತ್ರವು ಸ್ವಲ್ಪಮಟ್ಟಿಗೆ ತೋರಿಸೀತು.

ಅದನ್ನು ನೇರವಾಗಿ ನೋಡುವ ಉಪಾಯವೇ ಆರ್ತ್ರೋಸ್ಕೋಪಿ. 1918ರಲ್ಲಿ ಟೋಕಿಯೋದ ಡಾ. ಕೆಂಜಿ ತಕಾಗಿಯವರು ಮೂತ್ರಕೋಶವನ್ನು ನೋಡುವ ನಳಿಗೆಯಿಂದ ಶವವೊಂದರ ಮೊಣಕಾಲಿನೊಳಗೆ ಇಣುಕಿದರು. 1931ರಲ್ಲಿ ನ್ಯೂಯಾರ್ಕಿನ ಡಾ. ಬರ್ಮನ್ ಅವರು, ಹರಡಿನ ಕೀಲು ತೀರ ಇಕ್ಕಟ್ಟು, ಅಲ್ಲಿ ಇದು ಸಾಗದು ಎಂದರು. ನಳಿಗೆ ಸಣ್ಣದಾಗುತ್ತ ಬಂದಂತೆ ಆ ಮಾತು ಹಿಂದೆ ಬಿತ್ತು. ಈಗ ಹರಡಿನ ಮುಂಭಾಗದಲ್ಲಿ ಎರಡು ಚಿಕ್ಕ ರಂಧ್ರ ಮಾಡಿ, ಸುಮಾರು 3–4 ಮಿಲಿಮೀಟರ್ ದಪ್ಪದ ನಳಿಗೆಯನ್ನು ತೂರಿಸಿ, ಲವಣಜಲ ಹಾಯಿಸಿ ಹೆಪ್ಪುಗಟ್ಟಿದ ರಕ್ತವನ್ನು ತೊಳೆದು, ಕೀಲಿನ ಮೈಯನ್ನು ಪರದೆಯ ಮೇಲೆ ನೋಡುತ್ತಾರೆ. ಹೊದಿಕೆ ಎಲ್ಲಿ ಮೆತ್ತಗಾಗಿದೆ, ಎಲ್ಲಿ ಸೀಳಿದೆ ಎಂಬುದನ್ನು ಸಣ್ಣ ಕೊಕ್ಕೆಯಿಂದ ಮುಟ್ಟಿ ಪರೀಕ್ಷಿಸುತ್ತಾರೆ. ಸಡಿಲ ಚೂರುಗಳಿದ್ದರೆ ತೆಗೆಯುತ್ತಾರೆ.

ಹೀಗೆ ನೋಡಿದಾಗ ಕಂಡದ್ದೇನು? ಸ್ವಿಟ್ಜರ್ಲೆಂಡಿನ ಡಾ. ಹಿಂಟರ್‌ಮನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ವರದಿಯಂತೆ, ಮುರಿದ 288 ಹರಡುಗಳಲ್ಲಿ 228ರ ಹೊದಿಕೆಗೆ ಪೆಟ್ಟಾಗಿತ್ತು. ಎಂದರೆ ನೂರಕ್ಕೆ 79. ಅವರಲ್ಲಿ 109 ಮಂದಿಯನ್ನು ಸರಾಸರಿ ಸುಮಾರು 13 ವರ್ಷಗಳ ಮೇಲೆ ಪರೀಕ್ಷಿಸಿದಾಗ, ಮೊದಲು ಹೊದಿಕೆಗೆ ಪೆಟ್ಟಾಗಿದ್ದವರಲ್ಲೇ ಕೀಲಿನ ಸವೆತ ಹೆಚ್ಚಾಗಿತ್ತೆಂದು 2010ರಲ್ಲಿ ವರದಿಯಾಯಿತು.

ಹಾಗೆಂದು ಪ್ರತಿಯೊಂದು ಮುರಿತಕ್ಕೂ ಇದು ಬೇಕೆಂದಲ್ಲ. ಆ ವಿಷಯದಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಗಾಯ ಕಣ್ಣಿಗೆ ಬಿದ್ದ ಮಾತ್ರಕ್ಕೆ ಅದು ವಾಸಿಯಾಗುವುದೂ ಇಲ್ಲ. ಆದರೆ ಮೂಳೆ ಕೂಡಿದ ಮೇಲೂ ನೋವು ಉಳಿದರೆ, ‘ಹೊದಿಕೆಗೆ ಪೆಟ್ಟಾಗಿರಬಹುದೆ?’ ಎಂದು ವೈದ್ಯರನ್ನು ಕೇಳಲು ನಾವು ಸಂಕೋಚಪಡಬೇಕಾಗಿಲ್ಲ. ನೋವೆಂದವರ ಮಾತನ್ನು ನಂಬುವುದೇ ಮನೆಯವರಾದ ನಾವು ಮಾಡಬಹುದಾದ ಮೊದಲ ಶುಶ್ರೂಷೆ.