ದುಡಿಯದವರು ಯಾರು?

ಅಡಿಕೆ ಕೊಯ್ಲಿನ ದಿನಗಳು ಬಂದವೆಂದರೆ ನಮ್ಮೂರ ಹೋಟೆಲುಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಕೆಲಸಕ್ಕೆ ಜನ ಸಿಕ್ಕುವುದಿಲ್ಲ. ಸರಕಾರ ಪಿಂಚಣಿ, ಅಕ್ಕಿ ಕೊಟ್ಟು ಜನರನ್ನು ಸೋಮಾರಿಗಳನ್ನಾಗಿ ಮಾಡಿದೆ. ಕೊಡುವುದನ್ನು ನಿಲ್ಲಿಸಲಿ, ತಾವಾಗಿಯೇ ಕೆಲಸಕ್ಕೆ ಬರುತ್ತಾರೆ!" ಈ ಮಾತು ಪೂರ್ತಿ ಸುಳ್ಳೆಂದು ನಾವು ಹೇಳಲಾರೆವು. ಮೈಯಲ್ಲಿ ಬಲವಿದ್ದವನು ದುಡಿದೇ ಉಣ್ಣಬೇಕು. ಕಾಯಕದ ಹಿರಿಮೆಯನ್ನು ವರ್ಷ ವರ್ಷವೂ ಮಕ್ಕಳಿಗೆ ಪಾಠ ಹೇಳುವವರು ನಾವು. ಆದರೆ ನೆರವು ಪಡೆಯುವವರೆಲ್ಲ ಕೈಕಟ್ಟಿ ಕುಳಿತವರೇ ಎಂಬುದನ್ನು ಮೊದಲು ವಿಚಾರಿಸಬೇಡವೆ?

ನಮಗೆ ಈ ಪ್ರಶ್ನೆ ಎದುರಾದುದು ತರಗತಿಯ ಹಾಜರಿ ಪುಸ್ತಕದಲ್ಲಿ. ಕೆಲವು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ವಾರಕ್ಕೆ ಮೂರು ದಿನ ಶಾಲೆಗೆ ಬಂದರೆ ಎರಡು ದಿನ ಇಲ್ಲ. ಓದಿನಲ್ಲಿ ಚುರುಕು. ಗದರಿಸಿ ನೋಡಿದೆವು, ಆಕೆ ತಲೆತಗ್ಗಿಸಿ ನಿಂತಳೇ ಹೊರತು ಬಾಯಿ ಬಿಡಲಿಲ್ಲ. ಒಂದು ಶನಿವಾರ ಮನೆಗೇ ಹೋದೆವು. ಜಗಲಿಯ ಚಾಪೆಯಲ್ಲಿ ಇಪ್ಪತ್ತರ ಅಣ್ಣ ಮಲಗಿದ್ದ. ನಿಲ್ಲಲಾರ, ಮಾತು ಬಾರದು, ತುತ್ತನ್ನು ಬಾಯಿಗಿಡಬೇಕು. ತಾಯಿ ಹೇಳಿದ್ದಿಷ್ಟೆ: "ಮಾಸ್ಟ್ರೇ, ಅವಳು ಶಾಲೆಗೆ ಹೋದರೆ ನಾನು ಮನೆಯಲ್ಲಿ. ನಾನು ಕೆಲಸಕ್ಕೆ ಹೋದರೆ ಅವಳು ಮನೆಯಲ್ಲಿ. ಇವನನ್ನು ಬಿಟ್ಟು ಇಬ್ಬರೂ ಹೋಗುವುದು ಹೇಗೆ?" ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಅಣ್ಣಂದಿರ ಕತೆ ಓದುಗರಿಗೆ ಹೊಸತಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಜಿಲ್ಲೆಯ ಪ್ಲಾಂಟೇಶನ್ ನಿಗಮದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಮೊದಲಾದ ಪಂಚಾಯತುಗಳ ಜನ ಅದರ ಫಲವನ್ನು ಇಂದಿಗೂ ಉಣ್ಣುತ್ತಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿಯಲ್ಲಿ, ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞಾಪಿಸಿತು. ಮೂರು ತಿಂಗಳು ಹೋಗಿ ಐದು ವರ್ಷವಾದರೂ ಹಣ ಮುಟ್ಟದವರು ಸಾವಿರಾರು ಮಂದಿ ಇದ್ದರು. 2022ರಲ್ಲಿ ನ್ಯಾಯಾಲಯವು ಸರಕಾರವನ್ನು ಮತ್ತೊಮ್ಮೆ ಗದರಬೇಕಾಯಿತು.

ಇನ್ನು ತಿಂಗಳ ನೆರವು. ಪೀಡಿತರ ಆರೈಕೆಯಲ್ಲಿರುವವರಿಗೆಂದು ಗೊತ್ತುಪಡಿಸಿದ್ದು ತಿಂಗಳಿಗೆ 700 ರೂಪಾಯಿ. ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ಕ್ಕೆ ಕೇರಳದ ದಿನಗೂಲಿ 369 ರೂಪಾಯಿ. ಅಂದರೆ ಹಗಲಿರುಳು ಮೂವತ್ತು ದಿನದ ಚಾಕರಿಗೆ ಎರಡು ದಿನದ ಕೂಲಿಯೂ ಇಲ್ಲ! ಇಷ್ಟನ್ನು ಕಂಡು ಆ ತಾಯಿ ಸೋಮಾರಿಯಾದಳೆಂದು ಹೇಳುವ ನಾಲಗೆ ಯಾವುದು? ಬಿಡುವಿನಲ್ಲಿ ಆಕೆ ಬೀಡಿ ಕಟ್ಟುತ್ತಾಳೆ, ಅಡಿಕೆ ಸುಲಿಯುತ್ತಾಳೆ. ಮಗನಿಗೆ ಸೆಳೆತ ಬಂದರೆ ಎಲ್ಲವನ್ನೂ ಬಿಟ್ಟು ಮಂಗಳೂರಿನ ಆಸ್ಪತ್ರೆಗೆ ಓಡುತ್ತಾಳೆ.

ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 2005ರ ಉದ್ಯೋಗ ಖಾತರಿ ಕಾಯಿದೆಯಲ್ಲಿ ಒಂದು ಒಳ್ಳೆಯ ನಿಯಮವಿತ್ತು. ಕೆಲಸದ ಸ್ಥಳಕ್ಕೆ ತಾಯಂದಿರೊಡನೆ ಬರುವ ಆರು ವರ್ಷದೊಳಗಿನ ಮಕ್ಕಳು ಐದೋ ಹೆಚ್ಚೋ ಇದ್ದರೆ, ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕು. ಮಗುವನ್ನು ನೋಡಿಕೊಳ್ಳುವುದೂ ಕೆಲಸವೇ ಎಂದು ಕಾಯಿದೆಯೇ ಒಪ್ಪಿದ ಮೇಲೆ, ಆರು ವರ್ಷ ದಾಟಿಯೂ ಮಗುವಾಗಿಯೇ ಉಳಿದವನ ತಾಯಿ ಮಾಡಿದ ತಪ್ಪೇನು?

ಆಕೆಗೆ ಕೆಲಸ ಬೇಡವೆಂದಲ್ಲ. ಸಂಬಳದ ಕೆಲಸವೆಂದರೆ ಬರೀ ಹಣವಲ್ಲ; ನಾಲ್ಕು ಜನರ ಮುಖ ನೋಡುವುದು, ಮನೆಯ ನಾಲ್ಕು ಗೋಡೆ ಬಿಟ್ಟು ಉಸಿರಾಡುವುದು. ಆದರೆ ಹಿಂದಿನಿಂದ ದೂಡಿದರೆ ಆಗದು, ಮುಂದೆ ದಾರಿ ತೆರೆಯಬೇಕು. ಆ ದಾರಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ಕುಟುಂಬಶ್ರೀಯ ಸಹಕಾರದಿಂದ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳು ಇಂಥ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತವೆ. ಹದಿನೆಂಟು ದಾಟಿದವರಿಗೆ ಪುನರ್ವಸತಿ ಕೇಂದ್ರಗಳಿವೆ. ಅಂಥ ಕೇಂದ್ರಕ್ಕೆ ವಾಹನ ಮನೆಯ ಹತ್ತಿರದವರೆಗೆ ಬರಬೇಕು. ಹಾಸಿಗೆ ಬಿಟ್ಟು ಏಳಲಾರದವರನ್ನೂ ಸೇರಿಸಿಕೊಳ್ಳುವಷ್ಟು ಕೈಗಳು ಅಲ್ಲಿರಬೇಕು. ಕನ್ನಡ, ತುಳು ಬಲ್ಲ ಒಬ್ಬ ಆಯಾ ಇರಬೇಕು. ಮಾತೇ ಬಾರದ ಮಗುವಿಗೆ ತಾಯಿಯ ನುಡಿಯಾದರೂ ಕಿವಿಗೆ ಬೀಳಲಿ. ಇವು ಆಗದ ಮನೆಗಳಲ್ಲಿ ಆರೈಕೆಯನ್ನೇ ಕೆಲಸವೆಂದು ಬಗೆದು ಕೂಲಿಗೆ ಸಮನಾದ ಹಣ ಕೊಡಲಿ.

ಅಷ್ಟಾದ ಮೇಲೂ ದುಡಿಯಲು ಒಲ್ಲದವರಿದ್ದರೆ ಆಗ ಬೇಕಾದರೆ ಬೈಯೋಣ. ಅಲ್ಲಿಯತನಕ ಹೋಟೆಲಿನಲ್ಲಿ ಚಾ ಕುಡಿಯುತ್ತ ಇತರರನ್ನು ಕೆಲಸಕ್ಕೆ ಅಟ್ಟುವ ನಾವು ಒಂದು ಮಾತು ನೆನಪಿಡಬೇಕು. ನೆರವನ್ನು ನಿಲ್ಲಿಸಿದರೆ ಆ ತಾಯಿ ನಾಳೆ ಕೆಲಸಕ್ಕೆ ಬಂದಾಳು. ಆದರೆ ನಮ್ಮ ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ವಾರವಿಡೀ ಗೈರುಹಾಜರಿ ಬೀಳುತ್ತದೆ. ಆ ಲೆಕ್ಕವನ್ನು ಯಾರು ತುಂಬಿಕೊಡುವರು?